ಹೆಣ್ಣುಮಕ್ಕಳಿಗೆ ಆಟ ಕಲಿಸುವವರಿಗೊಂದು ಬಹಿರಂಗ ಪತ್ರ: ಮಂಡಿಯ ತಪಾಸಣೆಯನ್ನು ಕುರಿತು

ಕರ್ನಾಟಕದ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ದೈಹಿಕ ಶಿಕ್ಷಣ ಶಿಕ್ಷಕರಿಗೆ, ಕ್ರೀಡಾ ವಸತಿ ನಿಲಯಗಳ ತರಬೇತುದಾರರಿಗೆ, ಹಾಗೂ ಊರೂರುಗಳಲ್ಲಿ ಹುಡುಗಿಯರ ಕಬಡ್ಡಿ, ಖೋ ಖೋ, ವಾಲಿಬಾಲ್, ಥ್ರೋಬಾಲ್ ತಂಡಗಳನ್ನು ಸಂಬಳವಿಲ್ಲದೆ ಕಟ್ಟಿ ನಡೆಸುತ್ತಿರುವ ಹಿರಿಯ ಆಟಗಾರರಿಗೆ,

ಹದಿಹರೆಯದ ಆಟಗಾರ್ತಿಯರಲ್ಲಿ ಯಾರ ಮಂಡಿಗೆ ಮುಂದೆ ಗಂಭೀರ ಪೆಟ್ಟಾಗಬಹುದು ಎಂಬುದನ್ನು ಮೊದಲೇ ಪರೀಕ್ಷಿಸಿ ಕಂಡುಹಿಡಿಯಬಹುದೆಂಬ ಆಲೋಚನೆ ಕಳೆದ ಎರಡು ದಶಕಗಳಿಂದ ಕ್ರೀಡಾವೈದ್ಯಶಾಸ್ತ್ರದಲ್ಲಿ ಬೆಳೆಯುತ್ತ ಬಂದಿದೆ. ಪ್ರಯೋಗಾಲಯದ ಕ್ಯಾಮೆರಾಗಳಿಂದ ಆರಂಭವಾದ ಈ ಪರೀಕ್ಷೆಗಳು ಈಗ ಮೊಬೈಲ್ ಫೋನಿನ ಮಟ್ಟಕ್ಕೆ ಇಳಿದಿರುವುದರಿಂದ, ಶಾಲೆಯ ಮೈದಾನವನ್ನು ತಲುಪಲು ಅವುಗಳಿಗೆ ಹೆಚ್ಚು ಕಾಲ ಬೇಕಾಗದು. ಇಂಥ ತಪಾಸಣೆಯನ್ನು ಇಂಗ್ಲಿಷಿನಲ್ಲಿ ಸ್ಕ್ರೀನಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಜರಡಿ ಹಿಡಿಯುವುದು ಎಂದರೆ ಅದರ ಗುಣವೂ ಅಪಾಯವೂ ಒಟ್ಟಿಗೇ ತಿಳಿಯುತ್ತವೆ, ಏಕೆಂದರೆ ಜರಡಿಯ ಕೆಲಸ ಬೇರ್ಪಡಿಸುವುದು. ಹುಡುಗಿಯರ ಮಂಡಿಯ ವಿಷಯದಲ್ಲಿ ಈ ಜರಡಿ ಇನ್ನೂ ಬೇರ್ಪಡಿಸುವಷ್ಟು ನಿಖರವಾಗಿಲ್ಲ, ಅದನ್ನು ನಂಬಿ ಯಾರನ್ನೂ ತಂಡದಿಂದ ಕೈಬಿಡುವುದಾಗಲಿ ಯಾರಿಗೂ ಅಪಾಯವಿಲ್ಲವೆಂದು ನಿಶ್ಚಿಂತರಾಗುವುದಾಗಲಿ ಸಲ್ಲದು, ಅದಕ್ಕೆ ಬದಲಾಗಿ ಮಂಡಿಯನ್ನು ಕಾಯುವ ಅಭ್ಯಾಸವನ್ನು ತಂಡದ ಪ್ರತಿಯೊಬ್ಬ ಹುಡುಗಿಗೂ ಕೊಡಬೇಕು ಎಂಬುದನ್ನು ಕಾರಣಸಹಿತವಾಗಿ ತಿಳಿಸುವುದು ಈ ಪತ್ರದ ಉದ್ದೇಶ.

ಮಂಡಿಯಲ್ಲಿ ತೊಡೆಯ ಮೂಳೆಯೂ ಕಣಕಾಲಿನ ಮೂಳೆಯೂ ಸಂಧಿಸುವ ಜಾಗದ ನಟ್ಟನಡುವೆ, ಕತ್ತರಿಯ ಅಲಗುಗಳಂತೆ ಒಂದನ್ನೊಂದು ಅಡ್ಡಹಾಯುವ ಎರಡು ಅಸ್ಥಿರಜ್ಜುಗಳಿವೆ. ಅಸ್ಥಿರಜ್ಜು ಎಂದರೆ ಮೂಳೆಯನ್ನು ಮೂಳೆಗೆ ಬಿಗಿದಿಡುವ ನಾರಿನ ಕಟ್ಟು. ಮೈದಾನದ ಮಾತಿನಲ್ಲಿ ಅದೇ ಲಿಗಮೆಂಟ್. ಈ ಎರಡರಲ್ಲಿ ಮುಂದಿನದನ್ನು ವೈದ್ಯರೂ ಆಟಗಾರರೂ ಎಸಿಎಲ್ ಎಂದು ಕರೆಯುತ್ತಾರೆ. ಕಣಕಾಲಿನ ಮೂಳೆ ತೊಡೆಮೂಳೆಯ ಕೆಳಗಿನಿಂದ ಮುಂದಕ್ಕೆ ಜಾರದಂತೆ ಮತ್ತು ಮಂಡಿ ತನ್ನ ಅಳತೆ ಮೀರಿ ತಿರುಚಿಕೊಳ್ಳದಂತೆ ತಡೆಯುವುದು ಇದರ ಕೆಲಸ. ಓಡುತ್ತಿರುವವಳು ಥಟ್ಟನೆ ನಿಂತಾಗ, ದಿಕ್ಕು ಬದಲಿಸಿದಾಗ, ನೆಗೆದು ಒಂಟಿ ಕಾಲಿನ ಮೇಲೆ ಇಳಿದಾಗ, ಮಂಡಿ ಹೆಚ್ಚು ಮಡಿಸಿಕೊಳ್ಳದೆ ನೆಟ್ಟಗಿದ್ದು ಒಳಮಗ್ಗುಲಿಗೆ ಕುಸಿದರೆ ಈ ಕಟ್ಟಿನ ಮೇಲೆ ಬೀಳುವ ಎಳೆತ ಅದರ ತಾಳಿಕೆಯನ್ನು ಮೀರಿಬಿಡುತ್ತದೆ. ಹ್ಯಾಂಡ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಗಾಯದ ವೀಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ಪರಿಶೀಲಿಸಿದ ಸಂಶೋಧಕರು, ಪಾದ ನೆಲಕ್ಕೆ ತಗುಲಿದ ಸುಮಾರು 40 ಮಿಲಿಸೆಕೆಂಡಿನೊಳಗೆ, ಎಂದರೆ ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯುವುದಕ್ಕೂ ಮೊದಲೇ, ಎಸಿಎಲ್ ಹರಿದುಹೋಗಿರುತ್ತದೆ ಎಂದು ಕಂಡುಕೊಂಡಿದ್ದಾರೆ. ಆ ಹೊತ್ತಿನಲ್ಲಿ ಯೋಚಿಸಿ ಕಾಲನ್ನು ಸರಿಪಡಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ಸರಿಯಾಗಿ ಇಳಿಯುವ ರೀತಿ ಮೊದಲೇ ಮೈಗೂಡಿರಬೇಕಾಗುತ್ತದೆ.

ಈ ಗಾಯಗಳಲ್ಲಿ ಬಹುಪಾಲು ಎದುರಾಳಿಯ ನೇರ ಪೆಟ್ಟಿಲ್ಲದೆ ಆಗುವಂಥವು ಎಂಬುದು ಹೊಸಬರಿಗೆ ಅಚ್ಚರಿ ತರಬಹುದು. ಖೋ ಖೋ ಆಟದಲ್ಲಿ ಬೆನ್ನಟ್ಟುವವಳು ಹಿಡಿದ ದಿಕ್ಕನ್ನು ಬಿಡುವಂತಿಲ್ಲ, ಆದರೆ ತಪ್ಪಿಸಿಕೊಳ್ಳುವವಳ ಇಡೀ ಆಟವೇ ದಿಕ್ಕು ಬದಲಿಸುವುದರಲ್ಲಿದೆ. ಥ್ರೋಬಾಲ್ ಮತ್ತು ವಾಲಿಬಾಲ್‌ನಲ್ಲಿ ಕಣ್ಣು ಚೆಂಡಿನ ಮೇಲಿರುವಾಗ ಕಾಲು ನೆಲಕ್ಕೆ ಇಳಿಯುತ್ತದೆ. ಕಬಡ್ಡಿಯ ಸ್ಥಿತಿ ಮಾತ್ರ ಬೇರೆ: ರೇಡ್‌ಗೆ ಹೋದವಳು ಗೆರೆಯತ್ತ ತಿರುಗುವ ಕ್ಷಣದಲ್ಲಿ ಅವಳ ಕಾಲು ಹಿಡಿದವರ ಭಾರವೂ ಸೇರಿಕೊಳ್ಳುವುದರಿಂದ, ಅಲ್ಲಿನ ಎಲ್ಲ ಗಾಯಗಳನ್ನೂ ಅಭ್ಯಾಸದ ಬಲದಿಂದ ತಡೆಯಬಹುದೆಂದು ಹೇಳುವುದು ಅತಿಶಯೋಕ್ತಿಯಾಗುತ್ತದೆ.

ಒಂದೇ ಆಟವನ್ನು ಆಡುವ ಹುಡುಗರೊಂದಿಗೆ ಹೋಲಿಸಿದರೆ ಹುಡುಗಿಯರಲ್ಲಿ ಎಸಿಎಲ್ ಹರಿಯುವ ಪ್ರಮಾಣ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಮೈನೆರೆಯುವ ಮೊದಲು ಈ ಅಂತರ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆಮೇಲೆ, ಪ್ರೌಢಶಾಲೆ ಮತ್ತು ಪಿಯುಸಿಯ ವರ್ಷಗಳಲ್ಲಿ, ಅದು ಎದ್ದು ಕಾಣುತ್ತದೆ. ಆ ವಯಸ್ಸಿನಲ್ಲಿ ಮೂಳೆ ಉದ್ದವಾಗಿ ದೇಹದ ಭಾರ ಹೆಚ್ಚುವ ವೇಗಕ್ಕೆ ತಕ್ಕಂತೆ ಹುಡುಗರ ಸ್ನಾಯುಬಲವೂ ತಾನಾಗಿ ಏರುತ್ತದೆ, ಹುಡುಗಿಯರಲ್ಲಿ ಆ ಏರಿಕೆ ಅಷ್ಟು ಪ್ರಮಾಣದಲ್ಲಿ ಆಗುವುದಿಲ್ಲ ಎಂಬುದು ಒಂದು ವಿವರಣೆ; ಸೊಂಟದ ಅಗಲ, ಮಂಡಿಯೊಳಗಿನ ಮೂಳೆಯ ಸಂದಿನ ಕಿರಿದುತನ, ಹಾರ್ಮೋನುಗಳ ಪ್ರಭಾವ, ತೊಡೆಯ ಹಿಂಬದಿಯ ಸ್ನಾಯುಗಳಿಗಿಂತ ಮುಂಬದಿಯ ಸ್ನಾಯುಗಳನ್ನೇ ಹೆಚ್ಚು ನೆಚ್ಚುವ ಅಭ್ಯಾಸ ಇವೆಲ್ಲ ಇತರ ವಿವರಣೆಗಳು. ಇವುಗಳ ಜೊತೆಗೆ ಇನ್ನೊಂದನ್ನೂ ಇತ್ತೀಚಿನ ವಿದ್ವಾಂಸರು ಸರಿಯಾಗಿಯೇ ಎತ್ತಿ ತೋರಿಸಿದ್ದಾರೆ: ಹುಡುಗಿಯರಿಗೆ ಸಿಗುವ ಮೈದಾನ, ವ್ಯಾಯಾಮ, ತರಬೇತಿಯ ಅವಧಿ ಮೊದಲಿನಿಂದಲೂ ಕಡಿಮೆ, ಆದ್ದರಿಂದ ಗಾಯದ ಕಾರಣವನ್ನೆಲ್ಲ ಅವರ ಮೈಕಟ್ಟಿನಲ್ಲೇ ಹುಡುಕುವುದು ನ್ಯಾಯವಲ್ಲ. ಏಳನೆಯ ತರಗತಿಯವರೆಗೆ ಬೀದಿಯಲ್ಲಿ ಕುಂಟೆಬಿಲ್ಲೆಯಾಡುತ್ತ ಒಂಟಿ ಕಾಲಿನಲ್ಲಿ ನೆಗೆದು ನಿಲ್ಲುವುದನ್ನು ತಾನಾಗಿ ಕಲಿಯುತ್ತಿದ್ದ ಹುಡುಗಿ, ದೊಡ್ಡವಳಾದಳೆಂಬ ಕಾರಣಕ್ಕೆ ಮನೆಯೊಳಗೆ ಉಳಿದು, ಎರಡು ವರ್ಷದ ಮೇಲೆ ವಲಯ ಮಟ್ಟದ ಕ್ರೀಡಾಕೂಟಕ್ಕೆ ಹದಿನೈದು ದಿನದ ತಯಾರಿಯಲ್ಲಿ ನೇರ ಅಂಕಣಕ್ಕಿಳಿಯುವುದು ಈ ನಾಡಿನ ಶಿಕ್ಷಕರೆಲ್ಲ ಬಲ್ಲ ಸಂಗತಿ.

ಗಾಯದ ಬೆಲೆಯನ್ನೂ ಇಲ್ಲಿ ಹೇಳಬೇಕು. ಸ್ವೀಡನ್ನಿನಲ್ಲಿ ಫುಟ್‌ಬಾಲ್ ಆಡುವಾಗ ಎಸಿಎಲ್ ಹರಿದುಕೊಂಡಿದ್ದ ಮಹಿಳೆಯರನ್ನು 12 ವರ್ಷಗಳ ನಂತರ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಕ್ಸ್‌ರೇ ತೆಗೆಸಿಕೊಂಡವರ ಪೈಕಿ ಶೇ. 51ರಷ್ಟು ಜನರ ಮಂಡಿಯಲ್ಲಿ ಸಂಧಿಸವೆತದ ಗುರುತುಗಳಿದ್ದವು; ಆಗ ಅವರ ಸರಾಸರಿ ವಯಸ್ಸು ಕೇವಲ 31. ಅಜ್ಜಿಯರ ಕಾಯಿಲೆ ಎಂದು ಭಾವಿಸಿರುವ ಮಂಡಿನೋವು ಮೂವತ್ತರ ತಾಯಂದಿರಿಗೆ ಬಂದಿತ್ತು ಎಂದರೆ ಅದರ ಭಾರ ಅರ್ಥವಾದೀತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಟಕ್ಕೆ ಮರಳಿದ 25 ವರ್ಷದೊಳಗಿನ ಕ್ರೀಡಾಪಟುಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಅದೇ ಮಂಡಿಯಲ್ಲೋ ಇನ್ನೊಂದು ಮಂಡಿಯಲ್ಲೋ ಎರಡನೆಯ ಬಾರಿ ಎಸಿಎಲ್ ಹರಿಯುತ್ತದೆ. ಕ್ರಿಕೆಟ್ ಆಟಗಾರ್ತಿ ಸ್ಮೃತಿ ಮಂದಾನ 2017ರ ಜನವರಿಯಲ್ಲಿ ಎಸಿಎಲ್ ಗಾಯಕ್ಕೆ ಒಳಗಾಗಿ, ಅದೇ ವರ್ಷದ ಜೂನ್‌ನಲ್ಲಿ ವಿಶ್ವಕಪ್‌ಗೆ ಮರಳಿ ಇಂಗ್ಲೆಂಡ್ ವಿರುದ್ಧ 90 ಮತ್ತು ವೆಸ್ಟ್ ಇಂಡೀಸ್ ವಿರುದ್ಧ ಅಜೇಯ 106 ರನ್ ಗಳಿಸಿದ್ದನ್ನು ಈಗ ಅವರನ್ನು ಬೆಂಗಳೂರು ತಂಡದ ನಾಯಕಿಯಾಗಿ ಕಾಣುವ ಹುಡುಗಿಯರೆಲ್ಲ ಹೆಮ್ಮೆಯಿಂದ ನೆನೆಯುತ್ತಾರೆ, ನೆನೆಯಬೇಕಾದ್ದೇ. ಆದರೆ ಐದು ತಿಂಗಳಲ್ಲಿ ಮರಳುವುದು ಅಪವಾದ. ಒಂಬತ್ತು ತಿಂಗಳಿಗಿಂತ ಮೊದಲು ಮರಳಿದವರಲ್ಲಿ ಮರುಗಾಯದ ಪ್ರಮಾಣ ಗಮನಾರ್ಹವಾಗಿ ಹೆಚ್ಚೆಂದು ನಾರ್ವೆಯ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. 2016ರ ರಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮಂಡಿಯ ಗಾಯದಿಂದ ಸ್ಟ್ರೆಚರ್ ಮೇಲೆ ಹೊರಬಂದ ಕುಸ್ತಿಪಟು ವಿನೇಶ್ ಫೋಗಟ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರೂ, 2023ರಲ್ಲಿ ಮತ್ತೆ ಎಸಿಎಲ್ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಇವರ ಬೆನ್ನಿಗೆ ತಜ್ಞರಿದ್ದರು. ಹೋಬಳಿಯ ಶಾಲೆಯ ಹುಡುಗಿಯ ಬೆನ್ನಿಗಿರುವವರು ಅವಳ ದೈಹಿಕ ಶಿಕ್ಷಕರು ಮಾತ್ರ.

ಇಷ್ಟು ದೊಡ್ಡ ನಷ್ಟವನ್ನು ಮೊದಲೇ ಊಹಿಸಬಹುದೇ ಎಂಬ ಪ್ರಶ್ನೆಗೆ ಆಶಾದಾಯಕ ಉತ್ತರ ಕೊಟ್ಟದ್ದು 2005ರಲ್ಲಿ ಅಮೆರಿಕದಲ್ಲಿ ಟಿಮೊತಿ ಹ್ಯೂವೆಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಆಡುವ ಹದಿಹರೆಯದ 205 ಹುಡುಗಿಯರು ಸುಮಾರು 30 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಿಂದ ಕೆಳಕ್ಕೆ ಧುಮುಕಿ ಕೂಡಲೇ ಮೇಲಕ್ಕೆ ನೆಗೆಯುವುದನ್ನು ಕ್ಯಾಮೆರಾಗಳಿಂದಲೂ, ಪಾದ ನೆಲವನ್ನು ಒತ್ತುವ ಬಲವನ್ನು ಅಳೆಯುವ ಹಲಗೆಗಳಿಂದಲೂ ದಾಖಲಿಸಿ, ಆಮೇಲೆ ಯಾರಿಗೆ ಗಾಯವಾಗುತ್ತದೆಂದು ಕಾದು ನೋಡಲಾಯಿತು. ಒಂಬತ್ತು ಹುಡುಗಿಯರ ಎಸಿಎಲ್ ಹರಿಯಿತು. ಮೊದಲು ದಾಖಲಿಸಿದ ಅಳತೆಗಳನ್ನು ತಿರುಗಿ ನೋಡಿದಾಗ, ಆ ಒಂಬತ್ತು ಮಂದಿಯಲ್ಲಿ ಇಳಿಯುವ ಕ್ಷಣಕ್ಕೆ ಮಂಡಿಯನ್ನು ಒಳಮಗ್ಗುಲಿಗೆ ತಳ್ಳುವ ಬಲ ಉಳಿದವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಆ ಒಂದು ಅಳತೆಯನ್ನೇ ಆಧಾರವಾಗಿಟ್ಟುಕೊಂಡರೆ ಗಾಯವಾಗಲಿರುವವರಲ್ಲಿ ಶೇ. 78ರಷ್ಟನ್ನೂ ಗಾಯವಾಗದವರಲ್ಲಿ ಶೇ. 73ರಷ್ಟನ್ನೂ ಸರಿಯಾಗಿ ಗುರುತಿಸಬಹುದಿತ್ತು. ಇವುಗಳಲ್ಲಿ ಮೊದಲನೆಯದು ಪರೀಕ್ಷೆಯ ಸಂವೇದನಾಶೀಲತೆ, ಎಂದರೆ ಅಪಾಯವಿರುವವರನ್ನು ಹಿಡಿಯುವ ಶಕ್ತಿ. ಎರಡನೆಯದು ಅದರ ನಿರ್ದಿಷ್ಟತೆ, ಎಂದರೆ ಅಪಾಯವಿಲ್ಲದವರನ್ನು ಬಿಟ್ಟುಕೊಡುವ ಶಕ್ತಿ.

ಕೇಳುವುದಕ್ಕೆ ಇವು ಒಳ್ಳೆಯ ಅಂಕಗಳೇ. ಶೇ. 78 ಎಂದರೆ ಶಾಲೆಯ ಪರೀಕ್ಷೆಯಲ್ಲಿ ಪ್ರಥಮ ದರ್ಜೆ. ಆದರೆ ತಪಾಸಣೆಯ ಲೆಕ್ಕ ಶಾಲೆಯ ಅಂಕಪಟ್ಟಿಯ ಲೆಕ್ಕವಲ್ಲ ಎಂಬುದನ್ನು ಕಾಣಲು ಒಂದು ಉದಾಹರಣೆಯನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಜಿಲ್ಲೆಯಲ್ಲಿ 1,000 ಆಟಗಾರ್ತಿಯರಿದ್ದು, ವರ್ಷದಲ್ಲಿ ಅವರಲ್ಲಿ 10 ಮಂದಿಯ ಎಸಿಎಲ್ ಹರಿಯುತ್ತದೆ ಎಂದು ಲೆಕ್ಕದ ಅನುಕೂಲಕ್ಕಾಗಿ ಭಾವಿಸೋಣ. ಮೇಲಿನ ಪರೀಕ್ಷೆ ಆ 10 ಮಂದಿಯಲ್ಲಿ ಸುಮಾರು 8 ಜನರನ್ನು ಹಿಡಿಯುತ್ತದೆ. ಉಳಿದ 990 ಜನರಲ್ಲಿ ಶೇ. 27ರಷ್ಟು, ಎಂದರೆ ಸುಮಾರು 267 ಹುಡುಗಿಯರಿಗೆ, ಮುಂದೆ ಏನೂ ಆಗದಿದ್ದರೂ ಅಪಾಯದ ಚೀಟಿ ಅಂಟುತ್ತದೆ. ಹೀಗೆ ಒಟ್ಟು 275 ಮಂದಿ ಪಟ್ಟಿಗೆ ಸೇರುತ್ತಾರೆ, ಅವರಲ್ಲಿ ನಿಜವಾಗಿ ಗಾಯಗೊಳ್ಳುವವರು 8. ಪಟ್ಟಿಯಲ್ಲಿರುವ ಯಾವುದೇ ಹುಡುಗಿಯನ್ನು ನಿಲ್ಲಿಸಿ ಇವಳ ಮಂಡಿ ಹರಿಯುತ್ತದೆ ಎಂದರೆ ಆ ಮಾತು ನೂರರಲ್ಲಿ ತೊಂಬತ್ತೇಳು ಬಾರಿ ಸುಳ್ಳಾಗುತ್ತದೆ. ಜೊತೆಗೆ, ಏನೂ ತೊಂದರೆಯಿಲ್ಲವೆಂದು ಕಳುಹಿಸಿಕೊಟ್ಟ ಇಬ್ಬರ ಮಂಡಿ ಅದೇ ವರ್ಷ ಹರಿದಿರುತ್ತದೆ, ಮತ್ತು ತಪಾಸಣೆಯಲ್ಲಿ ಪಾಸಾದವರೆಂಬ ಕಾರಣಕ್ಕೆ ಅವರಿಗೆ ಯಾವ ಅಭ್ಯಾಸವೂ ಸಿಕ್ಕಿರುವುದಿಲ್ಲ.

ಇದು ಪರೀಕ್ಷೆ ತನ್ನ ಮೊದಲ ಹೇಳಿಕೆಯಷ್ಟೇ ಚೆನ್ನಾಗಿ ಕೆಲಸ ಮಾಡಿದಾಗಿನ ಲೆಕ್ಕ. ಬೇರೆ ಆಟಗಾರ್ತಿಯರ ಮೇಲೆ ಪ್ರಯೋಗಿಸಿದಾಗ ಅದು ಅಷ್ಟನ್ನೂ ಉಳಿಸಿಕೊಳ್ಳಲಿಲ್ಲ. ನಾರ್ವೆಯ ಟ್ರೋನ್ ಕ್ರೋಸ್‌ಹೌಗ್ ಮತ್ತು ಸಂಗಡಿಗರು ಅಲ್ಲಿನ ಅಗ್ರ ದರ್ಜೆಯ 710 ಹ್ಯಾಂಡ್‌ಬಾಲ್ ಮತ್ತು ಫುಟ್‌ಬಾಲ್ ಆಟಗಾರ್ತಿಯರನ್ನು ಅದೇ ಬಗೆಯ ಧುಮುಕುವ ಪರೀಕ್ಷೆಗೆ ಒಳಪಡಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎದುರಾಳಿಯ ಸಂಪರ್ಕವಿಲ್ಲದೆ ಆದ 42 ಎಸಿಎಲ್ ಗಾಯಗಳೊಂದಿಗೆ ನಂಟು ತೋರಿದ್ದು ಮಂಡಿ ಒಳಕ್ಕೆ ಸರಿಯುವ ಅಳತೆಯೊಂದೇ, ಅದೂ ನಾಣ್ಯ ಚಿಮ್ಮಿಸಿ ಊಹಿಸುವುದಕ್ಕಿಂತ ತುಸುವಷ್ಟೇ ಮೇಲು. ಹಿಂದೆ ಎಂದೂ ಎಸಿಎಲ್ ಗಾಯವಾಗಿರದ ಆಟಗಾರ್ತಿಯರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಾಗ ಆ ನಂಟೂ ಉಳಿಯಲಿಲ್ಲ. ಉಪಕರಣಗಳ ಬದಲು ವೀಡಿಯೊ ನೋಡಿ ಇಳಿಯುವ ಭಂಗಿಯ ತಪ್ಪುಗಳಿಗೆ ಅಂಕ ಹಾಕುವ ಸುಲಭ ವಿಧಾನಗಳೂ ಇದೇ ಹಾದಿ ಹಿಡಿದಿವೆ: ಒಂದು ಅಧ್ಯಯನದಲ್ಲಿ ಅವು ಗಾಯವನ್ನು ಊಹಿಸಿದರೆ ಇನ್ನೊಂದರಲ್ಲಿ ಊಹಿಸಲಿಲ್ಲ.

ಓಸ್ಲೊದ ಕ್ರೀಡಾವೈದ್ಯ ರೋಲ್ಡ್ ಬಾರ್ 2016ರಲ್ಲಿ ಬರೆದ ವಿಮರ್ಶೆಯಲ್ಲಿ, ಗಾಯವನ್ನು ಮುಂಗಾಣುವ ಯಾವುದೇ ತಪಾಸಣೆ ಮೂರು ಮೆಟ್ಟಿಲು ಹತ್ತಬೇಕು ಎಂದಿದ್ದಾರೆ. ಮೊದಲನೆಯದಾಗಿ ಅಳತೆಗೂ ಗಾಯಕ್ಕೂ ಸಂಬಂಧವಿದೆಯೆಂದು ಕಾದು ನೋಡಿದ ಅಧ್ಯಯನದಿಂದ ಸಾಬೀತಾಗಬೇಕು. ಎರಡನೆಯದಾಗಿ, ಇಷ್ಟಕ್ಕಿಂತ ಹೆಚ್ಚಿದ್ದರೆ ಅಪಾಯ ಎಂದು ಗೆರೆ ಎಳೆದು, ಆ ಗೆರೆ ಬೇರೊಂದು ಗುಂಪಿನಲ್ಲೂ ನಿಲ್ಲುತ್ತದೆಂದು ತೋರಿಸಬೇಕು. ಮೂರನೆಯದಾಗಿ, ತಪಾಸಣೆ ಮಾಡಿ ಆರಿಸಿದವರಿಗಷ್ಟೇ ಅಭ್ಯಾಸ ಕೊಡುವುದು ಎಲ್ಲರಿಗೂ ಅಭ್ಯಾಸ ಕೊಡುವುದಕ್ಕಿಂತ ಮೇಲೆಂದು ಸಿದ್ಧವಾಗಬೇಕು. ಮೂರನೆಯ ಮೆಟ್ಟಿಲನ್ನು ಆಗ ಯಾವ ತಪಾಸಣೆಯೂ ಹತ್ತಿರಲಿಲ್ಲ. ಸಂಬಂಧವಿರುವುದು ಬೇರೆ, ಊಹಿಸಬಲ್ಲದ್ದು ಬೇರೆ. ಎತ್ತರದವರು ವಾಲಿಬಾಲ್‌ನಲ್ಲಿ ಮುಂದಿರುತ್ತಾರೆ ಎಂಬುದು ನಿಜವಾದರೂ, ಎತ್ತರವೊಂದನ್ನೇ ಅಳೆದು ಯಾವ ಹುಡುಗಿ ರಾಜ್ಯ ತಂಡಕ್ಕೆ ಹೋಗುತ್ತಾಳೆಂದು ಯಾವ ಶಿಕ್ಷಕರೂ ಹೇಳಲಾರರು.

ಹಣದ ಲೆಕ್ಕವೂ ಇದೇ ಕಡೆಗೆ ವಾಲುತ್ತದೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಲ್ಲಿ, ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ಒಂದು ಋತುವಿನಲ್ಲಿ ಶೇ. 3ರಷ್ಟು ಎಸಿಎಲ್ ಗಾಯಗಳಾಗುವ ಯುವ ಆಟಗಾರರ ಗುಂಪನ್ನು ಕಲ್ಪಿಸಿಕೊಂಡು ನೋಡಿದಾಗ, ಎಲ್ಲರಿಗೂ ಅಭ್ಯಾಸ ಕೊಟ್ಟರೆ ಆ ಪ್ರಮಾಣ ಶೇ. 1.1ಕ್ಕೆ ಇಳಿಯುತ್ತಿತ್ತು, ತಪಾಸಣೆಯಲ್ಲಿ ಆರಿಸಿದವರಿಗಷ್ಟೇ ಕೊಟ್ಟರೆ ಶೇ. 1.8ಕ್ಕೆ ಮಾತ್ರ. ಅಮೆರಿಕದ ಡಾಲರಿನ ಲೆಕ್ಕ ಇಲ್ಲಿಗೆ ನೇರವಾಗಿ ಹೊಂದದಿದ್ದರೂ ಅದರ ತರ್ಕ ಹೊಂದುತ್ತದೆ. ಅಳೆಯುವುದಕ್ಕೆ ಯಂತ್ರ ಬೇಕು, ತಜ್ಞರು ಬೇಕು, ದಿನಗಳು ಬೇಕು. ಅಭ್ಯಾಸಕ್ಕೆ ಬೇಕಾಗಿರುವುದು ಹದಿನೈದು ನಿಮಿಷ ಮತ್ತು ಅದನ್ನು ಬಲ್ಲ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ.

ಈ ಹದಿನೈದು ನಿಮಿಷದ ಸಾಕ್ಷ್ಯ ಗಟ್ಟಿಯಾಗಿದೆ. ಸ್ವೀಡನ್ನಿನಲ್ಲಿ 12ರಿಂದ 17 ವರ್ಷದ 4,564 ಫುಟ್‌ಬಾಲ್ ಆಟಗಾರ್ತಿಯರ 230 ಕ್ಲಬ್‌ಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಬಾರಿ ಹದಿನೈದು ನಿಮಿಷದ ವಾರ್ಮ್ ಅಪ್ ಅಭ್ಯಾಸವನ್ನು ಕೊಟ್ಟು ಮಾರ್ಟಿನ್ ವಾಲ್ಡೆನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಭ್ಯಾಸ ಮಾಡಿದ ಗುಂಪಿನಲ್ಲಿ ಎಸಿಎಲ್ ಗಾಯದ ಪ್ರಮಾಣ ಶೇ. 64ರಷ್ಟು ಕಡಿಮೆಯಿತ್ತು. ಅಲ್ಲಿ ಬಳಸಿದ ವ್ಯಾಯಾಮಗಳು ಆರೇ: ಒಂಟಿ ಕಾಲಿನ ಬಸ್ಕಿ, ಎರಡು ಕಾಲಿನ ಬಸ್ಕಿ, ಅಂಗಾತ ಮಲಗಿ ಸೊಂಟವನ್ನು ಮೇಲಕ್ಕೆತ್ತುವುದು, ಮೊಣಕೈ ಮತ್ತು ಕಾಲ್ಬೆರಳ ಮೇಲೆ ದೇಹವನ್ನು ಹಲಗೆಯಂತೆ ಹಿಡಿಯುವುದು, ಒಂದು ಹೆಜ್ಜೆ ಮುಂದಿಟ್ಟು ಮಂಡಿ ಬಗ್ಗಿಸಿ ಏಳುವುದು, ಮತ್ತು ನೆಗೆದು ಸರಿಯಾಗಿ ಇಳಿಯುವುದು. ಇವುಗಳಲ್ಲಿ ಈ ನಾಡಿನ ಗರಡಿಗೆ ಹೊಸದೆನ್ನುವಂಥದ್ದು ಕಡಿಮೆ. ಬಸ್ಕಿಯನ್ನು ಶಾಲೆಗಳು ಶಿಕ್ಷೆಯಾಗಿ ಬಳಸಿ ಅದಕ್ಕೆ ಕೆಟ್ಟ ಹೆಸರು ತಂದಿರುವುದು ದುರದೃಷ್ಟಕರ. ತಪ್ಪು ಮಾಡಿದವಳಿಗೆ ಎಣಿಸಿ ಹೊಡೆಸುವ ಬಸ್ಕಿಗೂ, ಮಂಡಿ ಪಾದದ ಬೆರಳುಗಳ ನೇರಕ್ಕಿದೆಯೇ ಎಂದು ನೋಡುತ್ತ ನಿಧಾನವಾಗಿ ಮಾಡಿಸುವ ಬಸ್ಕಿಗೂ ಅಜಗಜಾಂತರವಿದೆ.

ಸ್ವೀಡನ್ನಿನದು ಒಂಟಿ ಸಾಕ್ಷ್ಯವಲ್ಲ. ನಾರ್ವೆಯಲ್ಲಿ ಹದಿಹರೆಯದ 1,837 ಹ್ಯಾಂಡ್‌ಬಾಲ್ ಆಟಗಾರರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಂಡಿ ಮತ್ತು ಹಿಮ್ಮಡಿಗಂಟಿನ ಗಾಯಗಳು ಸುಮಾರು ಅರ್ಧಕ್ಕಿಳಿದಿದ್ದವು. ಹಲವು ಅಧ್ಯಯನಗಳ ಒಟ್ಟು ಫಲಿತಾಂಶಗಳನ್ನು ಮತ್ತೆ ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಇಂಥ ಅಭ್ಯಾಸದಿಂದ ಹುಡುಗಿಯರಲ್ಲಿ ಸಂಪರ್ಕವಿಲ್ಲದೆ ಆಗುವ ಎಸಿಎಲ್ ಗಾಯಗಳು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗುತ್ತವೆ. ಈ ವಿಶ್ಲೇಷಣೆಯ ಇಬ್ಬರು ಲೇಖಕರಲ್ಲಿ ಒಬ್ಬರು, 2005ರಲ್ಲಿ ತಪಾಸಣೆಯ ಆಸೆ ಹುಟ್ಟಿಸಿದ ಹ್ಯೂವೆಟ್ ಅವರೇ.

ಆದರೆ ಈ ಫಲ ಮಾಡಿದವರಿಗೆ ಮಾತ್ರ, ಅದೂ ಬಿಡದೆ ಮಾಡಿದವರಿಗೆ. ಸ್ವೀಡನ್ನಿನ ಅದೇ ಅಧ್ಯಯನದಲ್ಲಿ ಅಭ್ಯಾಸವನ್ನು ಅತಿ ಹೆಚ್ಚು ನಿಷ್ಠೆಯಿಂದ ಮಾಡಿದ ಮೂರನೆಯ ಒಂದು ಭಾಗದವರಲ್ಲಿ, ಅತಿ ಕಡಿಮೆ ಮಾಡಿದವರಿಗೆ ಹೋಲಿಸಿದರೆ, ಎಸಿಎಲ್ ಗಾಯ ಶೇ. 88ರಷ್ಟು ಕಡಿಮೆಯಿತ್ತು. ನಾರ್ವೆಯ ಮಹಿಳಾ ಹ್ಯಾಂಡ್‌ಬಾಲ್‌ನಲ್ಲಿ 1998ರಿಂದ ಮೂರು ಋತುಗಳ ಕಾಲ ಗ್ರೇಥೆ ಮಿಕ್ಲೆಬುಸ್ಟ್ ಮತ್ತು ಸಂಗಡಿಗರು ಇಟ್ಟ ಲೆಕ್ಕದಲ್ಲಿ ಗಾಯಗಳ ಸಂಖ್ಯೆ 29ರಿಂದ 23ಕ್ಕೆ, ಆಮೇಲೆ 17ಕ್ಕೆ ಇಳಿದಿತ್ತು; ಅಧ್ಯಯನ ಮುಗಿದು ಸಂಶೋಧಕರು ಹೊರಟುಹೋದ ಮೇಲೆ ಅಭ್ಯಾಸ ಸಡಿಲವಾಗಿ ಗಾಯಗಳು ಮತ್ತೆ ಏರಿದವು, ತರಬೇತುದಾರರನ್ನು ಮತ್ತೆ ಸೇರಿಸಿಕೊಂಡು ಅಭ್ಯಾಸವನ್ನು ಗಟ್ಟಿಗೊಳಿಸಿದಾಗಲಷ್ಟೇ ಮತ್ತೆ ಇಳಿದವು. ಅಲ್ಲಿ ಬದಲಾದದ್ದು ಹುಡುಗಿಯರ ಸೊಂಟದ ಅಗಲವಲ್ಲ, ಹಾರ್ಮೋನುಗಳಲ್ಲ, ತರಬೇತುದಾರರು ಅಭ್ಯಾಸ ಮಾಡಿಸುವ ಶ್ರದ್ಧೆ. ಈ ಪತ್ರವನ್ನು ಸರ್ಕಾರದ ಇಲಾಖೆಗಾಗಲಿ ವೈದ್ಯರಿಗಾಗಲಿ ಬರೆಯದೆ ಮೈದಾನದಲ್ಲಿ ಸೀಟಿ ಹಿಡಿದು ನಿಂತವರಿಗೆ ಬರೆದಿರುವುದಕ್ಕೆ ಇದೇ ಕಾರಣ.

ಹಾಗಾದರೆ ತಪಾಸಣೆಗೆ ಯಾವ ಉಪಯೋಗವೂ ಇಲ್ಲವೇ ಎಂದರೆ, ಉಪಯೋಗವಿದೆ, ಆದರೆ ಅದು ಕಲಿಸುವವರ ಕಣ್ಣಾಗಿ, ಆರಿಸುವವರ ಜರಡಿಯಾಗಿ ಅಲ್ಲ. ಶಾಲೆಯ ಜಗಲಿಯ ಎರಡು ಮೆಟ್ಟಿಲಿನ ಎತ್ತರದಿಂದ ಹುಡುಗಿಯೊಬ್ಬಳು ಧುಮುಕಿ ಇಳಿಯುವುದನ್ನು ಎದುರಿನಿಂದ ಒಮ್ಮೆ, ಮಗ್ಗುಲಿನಿಂದ ಒಮ್ಮೆ ನೋಡಿದರೆ, ಮಂಡಿಗಳು ಒಂದನ್ನೊಂದು ತಾಗುವಂತೆ ಒಳಕ್ಕೆ ಬೀಳುತ್ತವೆಯೇ, ಮಂಡಿ ಮಡಿಸದೆ ಕಂಬದಂತೆ ನಿಲ್ಲುತ್ತಾಳೆಯೇ, ಒಂದು ಪಾದ ಮೊದಲು ತಗುಲಿ ಇನ್ನೊಂದು ಆಮೇಲೆ ಬರುತ್ತದೆಯೇ, ಎದೆ ಒಂದು ಕಡೆಗೆ ವಾಲುತ್ತದೆಯೇ ಎಂಬುದು ಅನುಭವಿ ಶಿಕ್ಷಕರಿಗೆ ಕಾಣುತ್ತದೆ. ಇಳಿದಾಗಿನ ಸದ್ದನ್ನು ಕೇಳಿದರೂ ಸಾಕಷ್ಟು ತಿಳಿಯುತ್ತದೆ. ಕಂಡ ತಪ್ಪು ಭವಿಷ್ಯವಾಣಿಯಲ್ಲ, ಅಂದಿನ ಪಾಠ ಮಾತ್ರ. ಮಂಡಿಯನ್ನು ಇಷ್ಟು ಬಗ್ಗಿಸು, ಸೊಂಟವನ್ನು ಹೀಗಿಡು ಎಂದು ಅಂಗಾಂಗಗಳ ಹೆಸರು ಹಿಡಿದು ತಿದ್ದುವುದಕ್ಕಿಂತ, ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿ ಎಂಬಂಥ ಮಾತು ಮಕ್ಕಳ ಮೈಗೆ ಬೇಗ ಹತ್ತುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿ ಅವಳಿಗೇ ತೋರಿಸುವುದೂ ಒಳ್ಳೆಯ ವಿಧಾನವೇ. ಆದರೆ ಹದಿಹರೆಯದ ಹೆಣ್ಣುಮಕ್ಕಳ ವೀಡಿಯೊ ತೆಗೆಯುವಾಗ ಮನೆಯವರಿಗೆ ತಿಳಿದಿರಬೇಕು, ಶಿಕ್ಷಕಿಯೊಬ್ಬರು ಜೊತೆಗಿರಬೇಕು, ತೋರಿಸಿದ ಕೂಡಲೇ ಅದು ಅಳಿಸಿಹೋಗಬೇಕು.

ಜರಡಿಯ ಭಯಕ್ಕೆ ಇನ್ನೊಂದು ಕಾರಣವೂ ಇದೆ, ಅದು ಅಂಕಿಸಂಖ್ಯೆಗಳಾಚೆಗಿನದು. ಹೆಣ್ಣುಮಗಳೊಬ್ಬಳು ಆಟಕ್ಕೆ ಹೋಗಲು ಮನೆಯಲ್ಲಿ ಒಪ್ಪಿಗೆ ಸಿಗುವುದೇ ಅನೇಕ ಊರುಗಳಲ್ಲಿ ದೊಡ್ಡ ಮಾತು. ಅಂಥ ಮನೆಗೆ ಇವಳ ಮಂಡಿ ಅಪಾಯದಲ್ಲಿದೆ ಎಂಬ ಚೀಟಿಯೊಂದು ಹೋದರೆ, ಅದು ನೂರರಲ್ಲಿ ಮೂರರಷ್ಟೂ ನಿಜವಲ್ಲದ ಮಾತಾದರೂ, ಮುಂದೆ ಮದುವೆಯ ಮಾತುಕತೆಯಲ್ಲಿ ಕಾಲಿನ ಊನವೆಂದು ಕೇಳಿಬಂದೀತೆಂಬ ಅಂಜಿಕೆಯಿಂದ ಹೆತ್ತವರು ಅವಳನ್ನು ಆಟ ಬಿಡಿಸುತ್ತಾರೆ. ತಪ್ಪಾಗಿ ಚೀಟಿ ಅಂಟಿಸಿಕೊಂಡ ಆ 267 ಹುಡುಗಿಯರ ನಷ್ಟವನ್ನು ಯಾವ ಅಧ್ಯಯನವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರ್ಕಳದ ಕಡೆಯ ಹಳ್ಳಿಯಿಂದ ಬಂದು ಭಾರತ ಕಬಡ್ಡಿ ತಂಡವನ್ನು ಮುನ್ನಡೆಸಿದ ಮಮತಾ ಪೂಜಾರಿಯವರಾಗಲಿ, 2025ರ ಜನವರಿಯಲ್ಲಿ ನವದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದ ಮೈಸೂರು ಜಿಲ್ಲೆಯ ಚೈತ್ರಾ ಅವರಾಗಲಿ ಬೆಳೆದದ್ದು ಹಳ್ಳಿಯ ಅಂಕಣಗಳಲ್ಲಿ. ಅಂಥ ಅಂಕಣದಿಂದ ಹುಡುಗಿಯನ್ನು ಹೊರಗೆ ಕಳುಹಿಸಲು ಇನ್ನೊಂದು ನೆಪ ಬೇಕಾಗಿಲ್ಲ.

ಕೇಳಲೇಬೇಕಾದ ಒಂದು ಪ್ರಶ್ನೆ ಮಾತ್ರ ಯಾವ ಯಂತ್ರವೂ ಇಲ್ಲದೆ ಬಹಳಷ್ಟನ್ನು ಹೇಳುತ್ತದೆ: ಹಿಂದೆ ಮಂಡಿಗೆ ಪೆಟ್ಟಾಗಿತ್ತೇ? ಮೇಲೆ ಹೇಳಿದ ನಾರ್ವೆಯ 42 ಗಾಯಗಳಲ್ಲಿ 12 ಆದದ್ದು ಮೊದಲೇ ಒಮ್ಮೆ ಎಸಿಎಲ್ ಹರಿದುಕೊಂಡಿದ್ದವರಿಗೆ. ಇಲ್ಲಿ ಈ ಪ್ರಶ್ನೆಯ ಮಹತ್ವ ಇನ್ನೂ ಹೆಚ್ಚು, ಏಕೆಂದರೆ ಹರಿದ ಎಸಿಎಲ್ ಎಷ್ಟೋ ಸಲ ಹರಿದದ್ದೆಂದು ಗೊತ್ತೇ ಆಗುವುದಿಲ್ಲ. ಬಿದ್ದ ಗಳಿಗೆಯಲ್ಲಿ ಮಂಡಿಯೊಳಗೆ ಟಪ್ಪೆಂದಂತೆ ಅನಿಸುತ್ತದೆ, ಕೆಲವೇ ಗಂಟೆಗಳಲ್ಲಿ ಒಳಗೆ ರಕ್ತ ತುಂಬಿ ಮಂಡಿ ಊದಿಕೊಳ್ಳುತ್ತದೆ, ಅದನ್ನು ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ನೀವಿಸಿ ಕಟ್ಟು ಕಟ್ಟಿಸಲಾಗುತ್ತದೆ. ಎರಡು ಮೂರು ವಾರಗಳಲ್ಲಿ ಊತ ಇಳಿದು ಹುಡುಗಿ ನೆಟ್ಟಗೆ ನಡೆಯತೊಡಗುತ್ತಾಳೆ, ವಾಸಿಯಾಯಿತೆಂದು ಎಲ್ಲರೂ ನಂಬುತ್ತಾರೆ. ನೇರ ನಡಿಗೆಗೆ ಎಸಿಎಲ್ ಅಷ್ಟಾಗಿ ಬೇಕಾಗದಿರುವುದರಿಂದ ಆಗುವ ಮೋಸ ಇದು. ಅಂಕಣಕ್ಕಿಳಿದು ದಿಕ್ಕು ಬದಲಿಸಿದ ಕೂಡಲೇ ಮಂಡಿ ಕೈಕೊಡುತ್ತದೆ, ಹಾಗೆ ಕೈಕೊಟ್ಟಾಗಲೆಲ್ಲ ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಮೃದ್ವಸ್ಥಿ ಸಿಗಿದುಹೋಗುವ ಸಂಭವವಿರುತ್ತದೆ, ಮತ್ತು ಮಂಡಿಯ ಸವೆತಕ್ಕೆ ಅದು ದಾರಿ. ಆದ್ದರಿಂದ ಪೆಟ್ಟಾದ ದಿನವೇ ಮಂಡಿ ಊದಿಕೊಂಡರೆ, ಉಜ್ಜದೆ ತಿರುಚದೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯಿಟ್ಟು, ಅವಳನ್ನು ಮೂಳೆತಜ್ಞರ ಬಳಿಗೆ ಕಳುಹಿಸಬೇಕು; ಅವರು ಪರೀಕ್ಷಿಸಿ ಒಪ್ಪುವವರೆಗೆ ಆಟಕ್ಕೆ ಇಳಿಸಬಾರದು, ಮರುದಿನ ತಾಲ್ಲೂಕಿನ ಫೈನಲ್ ಪಂದ್ಯವಿದ್ದರೂ.

ನೆಲದ ಬಗ್ಗೆಯೂ ಒಂದು ಮಾತು. ಪಾದಕ್ಕೂ ನೆಲಕ್ಕೂ ಹಿಡಿತ ಹೆಚ್ಚಾದಷ್ಟೂ ಪಾದ ಅಂಟಿಕೊಂಡು ಮಂಡಿ ಮಾತ್ರ ತಿರುಗುತ್ತದೆ. ನಾರ್ವೆಯ ಮಹಿಳಾ ಹ್ಯಾಂಡ್‌ಬಾಲ್‌ನಲ್ಲಿ ಮರದ ನೆಲಕ್ಕಿಂತ ಕೃತಕ ನೆಲದ ಮೇಲೆ ಎಸಿಎಲ್ ಗಾಯದ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ವರ್ಷವೆಲ್ಲ ಬರಿಗಾಲಿನಲ್ಲಿ ಮಣ್ಣಿನ ಅಂಕಣದಲ್ಲಿ ಆಡಿದ ಕಬಡ್ಡಿ ತಂಡವೊಂದು ಮೇಲಿನ ಹಂತಕ್ಕೆ ಗೆದ್ದುಹೋಗಿ ಮೊದಲ ಬಾರಿಗೆ ಬೂಟು ತೊಟ್ಟು ಮ್ಯಾಟ್ ಮೇಲೆ ಇಳಿಯುವ ದಿನ ಎಚ್ಚರ ಬೇಕು. ಸಾಧ್ಯವಾದರೆ ಹಿಂದಿನ ದಿನವೇ ಆ ಮ್ಯಾಟ್ ಮೇಲೆ ನಿಧಾನವಾಗಿ ತಿರುಗಿ, ನಿಂತು, ಇಳಿದು ಅಭ್ಯಾಸ ಮಾಡಿಸಬೇಕು.

ಕೊನೆಯದಾಗಿ ಈ ಪತ್ರದ ಕೋರಿಕೆ ಇಷ್ಟು. ವಲಯ ಮಟ್ಟದ ಪಂದ್ಯಗಳು ಬರುವ ಮೊದಲೇ, ಶಾಲೆ ತೆರೆದ ವಾರದಿಂದಲೇ, ವಾರಕ್ಕೆರಡು ದಿನ ಅಭ್ಯಾಸದ ಮೊದಲ ಹದಿನೈದು ನಿಮಿಷವನ್ನು ಮೇಲಿನ ಆರು ವ್ಯಾಯಾಮಗಳಿಗೆ ಮೀಸಲಿಡಬೇಕು. ಒಬ್ಬ ಶಿಕ್ಷಕರ ಮೇಲೆ ನೂರಾರು ಮಕ್ಕಳ ಹೊಣೆಯಿರುವಲ್ಲಿ, ಪಿಯುಸಿಯ ಹಳೆಯ ಆಟಗಾರ್ತಿಯೊಬ್ಬಳಿಗೆ ಕಲಿಸಿಕೊಟ್ಟರೆ ಅವಳು ಕಿರಿಯರಿಗೆ ಕಲಿಸುತ್ತಾಳೆ. ಮೈನೆರೆಯುವ ವಯಸ್ಸಿನ ಹುಡುಗಿಯರಿಂದಲೇ ಆರಂಭಿಸಿದರೆ ಒಳ್ಳೆಯದು, ಏಕೆಂದರೆ ಗಾಯದ ವಯಸ್ಸು ಅದರ ಹಿಂದೆಯೇ ಬರುತ್ತದೆ. ಹಾಜರಿ ಪುಸ್ತಕದ ಜೊತೆಗೆ ಇನ್ನೊಂದು ನೋಟ್ ಪುಸ್ತಕವಿರಲಿ. ಯಾವ ತಂಡ ಯಾವ ದಿನ ಅಭ್ಯಾಸ ಮಾಡಿತು, ಯಾರ ಮಂಡಿಗೆ ಯಾವ ದಿನ, ಯಾವ ನೆಲದ ಮೇಲೆ, ನೆಗೆದು ಇಳಿಯುವಾಗಲೋ ತಿರುಗುವಾಗಲೋ ಹಿಡಿತಕ್ಕೆ ಸಿಕ್ಕಾಗಲೋ ಪೆಟ್ಟಾಯಿತು, ಅಂದೇ ಊದಿಕೊಂಡಿತೇ, ಅವಳು ಎಷ್ಟು ದಿನದ ಮೇಲೆ ಮರಳಿದಳು ಎಂಬುದನ್ನು ಅದರಲ್ಲಿ ಬರೆಯಬೇಕು. ಸ್ವೀಡನ್ ಮತ್ತು ನಾರ್ವೆಯ ಗಾಯದ ಅಂಕಿಗಳು ಹುಟ್ಟಿದ್ದೂ ಇಂಥ ದಾಖಲೆಗಳಿಂದಲೇ. ಖೋ ಖೋ ಆಡುವ, ಥ್ರೋಬಾಲ್ ಆಡುವ ಹುಡುಗಿಯರ ಪುಸ್ತಕವನ್ನು ಅವರ ಶಿಕ್ಷಕರೇ ತೆರೆಯಬೇಕು.